ನಾಳೆ ರಾತ್ರಿಯೇ ವಿಮಾನ: ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಸಂಜೆ ಫೋನ್ ಬರುತ್ತದೆ, ನಾಡಿದ್ದು ಇನ್ನೊಂದು ಖಂಡದಲ್ಲಿರಬೇಕು. ಕಚೇರಿ ಕೆಲಸದ ಇಂಥ ದಿಢೀರ್ ಪ್ರಯಾಣಗಳ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿದ್ದೇವೆ. ಪ್ರಯಾಣಿಕರ ಆರೋಗ್ಯ ನೋಡುವ ವೈದ್ಯರು ಮತ್ತು ಕಂಪನಿಗಳಿಗೆ ಪ್ರಯಾಣದ ಏರ್ಪಾಡು ಮಾಡಿಕೊಡುವವರು ಒಟ್ಟಿಗೆ ಕೂತು ಉತ್ತರಿಸಿದ್ದಾರೆ. ಔಷಧದ ಮಾತು ಬಂದಲ್ಲೆಲ್ಲ ನಿಮ್ಮನ್ನು ಬಲ್ಲ ವೈದ್ಯರ ಮಾತೇ ಕೊನೆಯದು.

ಪ್ರಶ್ನೆ: ಮಂಗಳವಾರ ಸಂಜೆ ಏಳಕ್ಕೆ ಮ್ಯಾನೇಜರ್ ಫೋನ್ ಮಾಡಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಬೇಕು ಎಂದರು. ಟಿಕೆಟ್‌ನಲ್ಲಿ ಗುರುವಾರ 02:30 ಎಂದಿದೆ. ವೀಸಾ ಇದೆ, ನಾಲ್ಕು ದಿನದ ಕೆಲಸ. ಇಷ್ಟು ದೂರ ಹೋಗುತ್ತಿರುವುದು ಇದೇ ಮೊದಲು. ಯಾವುದರಿಂದ ಶುರು ಮಾಡಲಿ?
– ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು

ಉತ್ತರ: ಮೊದಲು ತಾರೀಖನ್ನು ಇನ್ನೊಮ್ಮೆ ಓದಿ. ಗುರುವಾರ 02:30 ಅಂದರೆ ಬುಧವಾರ ರಾತ್ರಿಯೇ ಮನೆ ಬಿಡಬೇಕು. ಬೆಂಗಳೂರಿನಿಂದ ದೂರಕ್ಕೆ ಹೋಗುವ ವಿಮಾನಗಳಲ್ಲಿ ಹಲವು ನಡುರಾತ್ರಿ ಕಳೆದ ಮೇಲೆ ಹೊರಡುತ್ತವೆ. ಗುರುವಾರ ರಾತ್ರಿ ಪೆಟ್ಟಿಗೆ ಹಿಡಿದು ಬಂದು, ವಿಮಾನ ಹಿಂದಿನ ರಾತ್ರಿಯೇ ಹೋಗಿದೆ ಎಂದು ತಿಳಿದು ಕಂಗಾಲಾಗುವವರು ಈಗಲೂ ಇದ್ದಾರೆ. ಅಮೆರಿಕದ ಪ್ರಯಾಣಕ್ಕೆ ನಾಲ್ಕು ಗಂಟೆ ಮೊದಲೇ ನಿಲ್ದಾಣದಲ್ಲಿರುವುದು ಒಳ್ಳೆಯದು. ಎಲೆಕ್ಟ್ರಾನಿಕ್ ಸಿಟಿ ಕಡೆಯಿಂದ ದೇವನಹಳ್ಳಿಗೆ ರಸ್ತೆಯಲ್ಲೇ ಎರಡು ಗಂಟೆ ಹೋಗಬಹುದು. ಹಾಗೆ ಲೆಕ್ಕ ಹಾಕಿದರೆ ನಿಮ್ಮ ಕೈಯಲ್ಲಿರುವುದು 26 ಗಂಟೆಗಿಂತ ಕಡಿಮೆ.

ಆ 26 ಗಂಟೆಯಲ್ಲಿ ಏಳನ್ನು ಮಂಗಳವಾರ ರಾತ್ರಿಯ ನಿದ್ದೆಗೆ ಈಗಲೇ ಎತ್ತಿಡಿ. ಹೆಚ್ಚಿನವರು ಇದನ್ನೇ ಮೊದಲು ಬಿಟ್ಟುಕೊಡುತ್ತಾರೆ. ರಾತ್ರಿಯೆಲ್ಲ ಬಟ್ಟೆ ಜೋಡಿಸಿ, ಮರುರಾತ್ರಿ ವಿಮಾನ ಹತ್ತಿ, ಎರಡು ರಾತ್ರಿಯ ನಿದ್ದೆಯ ಸಾಲ ಹೊತ್ತುಕೊಂಡು ಅಲ್ಲಿ ಇಳಿಯುತ್ತಾರೆ. ಮರೆತ ಅಂಗಿ ಅಲ್ಲಿಯ ಅಂಗಡಿಯಲ್ಲಿ ಸಿಗುತ್ತದೆ, ಕಳೆದ ನಿದ್ದೆ ಸಿಗುವುದಿಲ್ಲ.

ಮಲಗುವ ಮೊದಲು ಕಾಗದಪತ್ರ ಮಾತ್ರ ನೋಡಿ. ಪಾಸ್‌ಪೋರ್ಟ್‌ಗೆ ಇನ್ನೂ ಆರು ತಿಂಗಳ ಅವಧಿ ಇರಲಿ. ವೀಸಾ ಹಳೆಯ ಪಾಸ್‌ಪೋರ್ಟ್‌ನಲ್ಲಿದ್ದರೆ ಎರಡನ್ನೂ ಒಯ್ಯಬೇಕು. ಟಿಕೆಟ್‌ನ ಹೆಸರು ಪಾಸ್‌ಪೋರ್ಟ್‌ನಲ್ಲಿದ್ದಂತೆಯೇ ಇರಬೇಕು. ನಮ್ಮ ಕಡೆಯವರು ಎಡವುವುದು ಇಲ್ಲಿಯೇ: ಕಚೇರಿ ದಾಖಲೆಯಲ್ಲಿ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ತಂದೆಯ ಪೂರ್ತಿ ಹೆಸರು, ಕೆಲವರಿಗೆ ಸರ್‌ನೇಮ್ ಜಾಗವೇ ಖಾಲಿ. ಅವಸರದಲ್ಲಿ ಟಿಕೆಟ್ ಮಾಡುವವರು ಕಚೇರಿ ದಾಖಲೆ ನೋಡಿ ಹೆಸರು ತುಂಬಿಬಿಡುತ್ತಾರೆ. ತಪ್ಪು ಕಂಡರೆ ಆ ರಾತ್ರಿಯೇ ಏಜೆಂಟರಿಗೆ ಹೇಳಿ ಸರಿಪಡಿಸಿ, ಕೌಂಟರ್‌ನ ಮುಂದೆ ನಿಂತಾಗ ಸಮಯ ಇರುವುದಿಲ್ಲ. ಒಂದೇ ಹೆಸರಿನ ಪಾಸ್‌ಪೋರ್ಟ್ ಇರುವವರು ದುಬೈ ಅಥವಾ ಅಬುಧಾಬಿಯಲ್ಲಿ ಹೊರಗೆ ಹೋಗುವ ಯೋಚನೆ ಇಟ್ಟುಕೊಳ್ಳಬೇಡಿ. 2022ರ ನವೆಂಬರ್‌ನಿಂದ ಅಲ್ಲಿಯ ಭೇಟಿ ವೀಸಾಕ್ಕೆ ಒಂಟಿ ಹೆಸರು ನಡೆಯುವುದಿಲ್ಲ.

ಬುಧವಾರ ಬೆಳಿಗ್ಗೆ ಕಚೇರಿಯಿಂದ ಮೂರು ಕಾಗದ ತರಿಸಿಕೊಳ್ಳಿ: ಆಹ್ವಾನ ಪತ್ರ, ಹೋಟೆಲ್ ವಿಳಾಸ, ಪ್ರಯಾಣ ವಿಮೆ. ಮೂರನ್ನೂ ಮುದ್ರಿಸಿಕೊಳ್ಳಿ, ಫೋನ್ ಬ್ಯಾಟರಿಯನ್ನು ನಂಬಬೇಡಿ. ಬಿ-1 ವೀಸಾ ಸಭೆ, ಮಾತುಕತೆ, ಸಮ್ಮೇಳನಗಳಿಗೆ ಇರುವುದು. ಅಲ್ಲಿ ಕೂತು ದುಡಿಯಲು ಅಲ್ಲ. ಅಧಿಕಾರಿ ಏಕೆ ಬಂದಿರಿ ಎಂದು ಕೇಳಿದಾಗ ಬಾಯಿತಪ್ಪಿ ‘ಕೆಲಸ ಮಾಡಲು’ ಎಂದರೆ ಪ್ರಶ್ನೆಯ ಮೇಲೆ ಪ್ರಶ್ನೆ ಬೀಳುತ್ತದೆ. ಯಾರ ಜೊತೆ ಸಭೆ, ಎಷ್ಟು ದಿನ, ಯಾವಾಗ ವಾಪಸು ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿ.

ಬ್ಯಾಂಕ್ ಆ್ಯಪ್‌ನಲ್ಲಿ ಕಾರ್ಡಿನ ಅಂತರರಾಷ್ಟ್ರೀಯ ಬಳಕೆಯನ್ನು ತೆರೆಯುವುದು ಎರಡು ನಿಮಿಷದ ಕೆಲಸ. ಅದನ್ನು ಮರೆತರೆ ಹೋಟೆಲ್ ಕೌಂಟರ್‌ನಲ್ಲಿ ಕಾರ್ಡ್ ನಿರಾಕರಣೆಯಾಗುತ್ತದೆ. ಒಟಿಪಿ ಬರುವುದು ಭಾರತದ ಸಿಮ್‌ಗೆ, ಆದ್ದರಿಂದ ಅಲ್ಲಿಯ ಇ-ಸಿಮ್ ಹಾಕಿಕೊಂಡರೂ ಇದನ್ನು ರೋಮಿಂಗ್‌ನಲ್ಲಿ ಜೀವಂತ ಇಡಿ. ನಗದು ಡಾಲರ್ ನೂರಿನ್ನೂರು ಸಾಕು. ಅದನ್ನು ಊರಿನಲ್ಲೇ ಕೊಳ್ಳಿ, ವಿಮಾನ ನಿಲ್ದಾಣದ ಕೌಂಟರ್‌ನ ದರ ಸಾಮಾನ್ಯವಾಗಿ ದುಬಾರಿ.

ಸಭೆಯ ಒಂದು ಜೊತೆ ಬಟ್ಟೆ, ಔಷಧ, ಚಾರ್ಜರ್, ಕಾಗದಪತ್ರ ಕ್ಯಾಬಿನ್ ಬ್ಯಾಗ್‌ನಲ್ಲೇ ಇರಲಿ. ದೊಡ್ಡ ಪೆಟ್ಟಿಗೆ ಒಂದು ದಿನ ತಡವಾಗಿ ಬಂದರೂ ಸಭೆ ನಿಲ್ಲಬಾರದು. ಪವರ್ ಬ್ಯಾಂಕ್ ಕೂಡ ಅದರಲ್ಲೇ ಇರಬೇಕು, ಚೆಕ್‌ಇನ್ ಪೆಟ್ಟಿಗೆಗೆ ಹಾಕಲೇಬಾರದು. ಮಿತಿ 100 ವ್ಯಾಟ್-ಅವರ್. 20,000 ಎಂಎಎಚ್‌ನದು ಸುಮಾರು 74, ಆದ್ದರಿಂದ ತೊಂದರೆಯಿಲ್ಲ. 30,000ದ್ದು 111 ಆಗುತ್ತದೆ, ವಿಮಾನ ಸಂಸ್ಥೆಯ ಅನುಮತಿ ಬೇಕು. ಮೇಲೆ ಬರೆದ ಅಂಕಿ ಅಳಿಸಿಹೋಗಿದ್ದರೆ ಭದ್ರತೆಯವರು ತೆಗೆದಿಟ್ಟುಕೊಳ್ಳಬಹುದು. ಈಚೆಗೆ ಹಲವು ಸಂಸ್ಥೆಗಳು ಹಾರಾಟದಲ್ಲಿ ಪವರ್ ಬ್ಯಾಂಕ್ ಬಳಸಲು ಬಿಡುವುದಿಲ್ಲ, ಹಾಗಾಗಿ ಫೋನನ್ನು ನಿಲ್ದಾಣದಲ್ಲೇ ತುಂಬಿಸಿಕೊಳ್ಳಿ. ಅಮೆರಿಕದ ಪ್ಲಗ್‌ಗೆ ಚಪ್ಪಟೆ ಕಡ್ಡಿಯ ಅಡಾಪ್ಟರ್ ಬೇಕು. ಲ್ಯಾಪ್‌ಟಾಪ್ ಚಾರ್ಜರ್ ಮೇಲೆ 100–240 ವೋಲ್ಟ್ ಎಂದಿದ್ದರೆ ಅಷ್ಟೇ ಸಾಕು. 230 ವೋಲ್ಟ್‌ನ ಇಸ್ತ್ರಿಪೆಟ್ಟಿಗೆ ಅಲ್ಲಿಯ 120 ವೋಲ್ಟ್‌ಗೆ ಸರಿಯಾಗಿ ಕಾಯುವುದೇ ಇಲ್ಲ.

ಬುಧವಾರ ಮಧ್ಯಾಹ್ನ ಒಂದೂವರೆ ಗಂಟೆ ಮಲಗಿ. ರಾತ್ರಿ ಊಟವನ್ನು ಮನೆಯಲ್ಲೇ ಮುಗಿಸಿ. 02:30ಕ್ಕೆ ಹೊರಡುವ ವಿಮಾನದಲ್ಲಿ ಮೂರೂವರೆಗೆ ಊಟ ತರುತ್ತಾರೆ, ಅದನ್ನು ಬೇಡವೆನ್ನಿ. ಹೊದಿಕೆಯ ಮೇಲೆ ಕಾಣುವಂತೆ ಸೀಟ್‌ಬೆಲ್ಟ್ ಕಟ್ಟಿಕೊಂಡರೆ ಬೆಲ್ಟ್ ನೋಡಲು ನಿಮ್ಮನ್ನು ಎಬ್ಬಿಸುವುದಿಲ್ಲ.

ಪ್ರಶ್ನೆ: ಅದೇ ಸ್ಯಾನ್ ಫ್ರಾನ್ಸಿಸ್ಕೋ. ಮಧ್ಯಾಹ್ನ ಒಂದಕ್ಕೆ ಇಳಿಯುತ್ತೇನೆ, ಮರುದಿನ ಮಧ್ಯಾಹ್ನ 3ಕ್ಕೆ ಗ್ರಾಹಕರ ಮುಂದೆ ಪ್ರೆಸೆಂಟೇಶನ್. ಕಳೆದ ಸಲ ಮಾತಿನ ನಡುವೆ ತಲೆ ಖಾಲಿಯಾದಂತೆ ಆಗಿತ್ತು. ಕಾಫಿ ಮೇಲೆ ಕಾಫಿ ಕುಡಿದರೂ ಪ್ರಯೋಜನವಾಗಲಿಲ್ಲ. ನಿದ್ದೆ ಮಾತ್ರೆ ತೆಗೆದುಕೊಳ್ಳಬಹುದೇ?
– ಪ್ರಾಜೆಕ್ಟ್ ಮುಖ್ಯಸ್ಥೆ, ಮೈಸೂರು

ಉತ್ತರ: ತೊಂದರೆ ಇರುವುದು ಆ 3 ಗಂಟೆಯಲ್ಲಿ. ಬೇಸಿಗೆ ಕಾಲದಲ್ಲಿ, ಅಂದರೆ ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ, ಸ್ಯಾನ್ ಫ್ರಾನ್ಸಿಸ್ಕೋ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹದಿಮೂರೂವರೆ. ಅಲ್ಲಿಯ ಮಧ್ಯಾಹ್ನ 3 ನಿಮ್ಮ ಮೈಗೆ ಬೆಳಗಿನ ಜಾವದ ಮೂರೂವರೆ. ರೂಢಿಯಂತೆ ಏಳುವುದಕ್ಕೆ ಎರಡು ಮೂರು ಗಂಟೆ ಮೊದಲು ಮೈಯ ಶಾಖ ದಿನದಲ್ಲೇ ಅತಿ ಕೆಳಕ್ಕೆ ಇಳಿಯುತ್ತದೆ, ಆಗ ಗಮನವೂ ನೆನಪೂ ತೀರಾ ಮಂದವಾಗಿರುತ್ತವೆ. ಆರೂವರೆ ಏಳಕ್ಕೆ ಏಳುವವರಿಗೆ ಅದು ನಸುಕಿನ ನಾಲ್ಕೂವರೆ, ಅಲ್ಲಿಯ ಲೆಕ್ಕದಲ್ಲಿ ಸಂಜೆ 4. ತಲೆ ಖಾಲಿಯಾದದ್ದು ನಿಮ್ಮ ದೌರ್ಬಲ್ಯವಲ್ಲ, ಗಡಿಯಾರದ ಕೆಲಸ.

ಆದ್ದರಿಂದ ಹೊರಡುವ ಮೊದಲೇ ಒಂದು ಮೇಲ್ ಕಳಿಸಿ ಪ್ರೆಸೆಂಟೇಶನ್ ಅನ್ನು ಬೆಳಿಗ್ಗೆ 9ಕ್ಕೆ ಹಾಕಿಸಿಕೊಳ್ಳಿ. ಅಲ್ಲಿಯ 9 ನಮ್ಮ ರಾತ್ರಿ ಒಂಬತ್ತೂವರೆ. ಮನೆಯಲ್ಲಿ ಆ ಹೊತ್ತಿಗೆ ನೀವು ಚುರುಕಾಗಿಯೇ ಇರುತ್ತೀರಿ. ಬೆಳಿಗ್ಗೆ 8ರಿಂದ 11 ನಿಮ್ಮ ಒಳ್ಳೆಯ ಹೊತ್ತು. ಮಧ್ಯಾಹ್ನ 2ರಿಂದ 6ರವರೆಗೆ ಮುಖ್ಯ ಮಾತುಕತೆ, ಸಹಿ, ದರದ ಚೌಕಾಸಿ ಬೇಡ, ಕಾರು ಓಡಿಸುವುದಂತೂ ಬೇಡವೇ ಬೇಡ. ಮೊದಲೇ ಕೇಳಿದರೆ ಗ್ರಾಹಕರು ಹೊತ್ತು ಬದಲಿಸಿಕೊಡುತ್ತಾರೆ. ಕೇಳಲು ಸಂಕೋಚಪಡುವವರೇ ಹೆಚ್ಚು.

ಬೆಳಕಿನ ವಿಚಾರ. ಮೈಶಾಖ ಕೆಳಗಿಳಿಯುವ ಆ ಹೊತ್ತಿಗೆ ಮೊದಲು ಕಣ್ಣಿಗೆ ಬಿದ್ದ ಬೆಳಕು ಒಳಗಿನ ಗಡಿಯಾರವನ್ನು ಹಿಂದಕ್ಕೆ ತಳ್ಳುತ್ತದೆ, ನಂತರ ಬಿದ್ದದ್ದು ಮುಂದಕ್ಕೆ. ಹಿಂದಕ್ಕೆ ಸರಿಯುವುದು ಹೆಚ್ಚಿನವರಿಗೆ ಸುಲಭ, ದಿನಕ್ಕೆ ಒಂದೂವರೆ ಗಂಟೆಯಷ್ಟು. ಹಾಗಾಗಿ ಇಳಿದ ದಿನ ಹೋಟೆಲ್ ಕೋಣೆಗೆ ಹೋಗಿ ಪರದೆ ಎಳೆಯಬೇಡಿ. ಎರಡರಿಂದ ನಾಲ್ಕರವರೆಗೆ ಬಯಲಲ್ಲಿ ನಡೆದಾಡಿ, ನಾಲ್ಕರ ನಂತರ ಹೊರಗೆ ಹೋದರೆ ತಂಪು ಕನ್ನಡಕ ಹಾಕಿಕೊಳ್ಳಿ. ಮರುದಿನ ಈ ಗೆರೆಯನ್ನು ಐದೂವರೆಗೆ ಸರಿಸಿ. ತಡೆಯಲಾರದಷ್ಟು ನಿದ್ದೆ ಬಂದರೆ ಅಲಾರಂ ಇಟ್ಟು ಇಪ್ಪತ್ತೇ ನಿಮಿಷ ಮಲಗಿ. ರಾತ್ರಿ ಒಂಬತ್ತರವರೆಗೆ ತಡೆದುಕೊಂಡರೆ ಗೆದ್ದಂತೆ.

ಆದರೂ ನಡುರಾತ್ರಿ ಎರಡಕ್ಕೆ ಎಚ್ಚರವಾಗುತ್ತದೆ. ಆಗ ಬೆಂಗಳೂರಿನಲ್ಲಿ ಮಧ್ಯಾಹ್ನ ಎರಡೂವರೆ, ಕಚೇರಿಯ ಸಂದೇಶಗಳು ಸುರಿಯುತ್ತಿರುತ್ತವೆ. ಒಂದಕ್ಕೆ ಉತ್ತರಿಸಿದಿರೋ, ಅವತ್ತಿನ ರಾತ್ರಿ ಮುಗಿಯಿತು. ಫೋನನ್ನು ಸದ್ದಿಲ್ಲದಂತೆ ಮಾಡಿ ಹಾಸಿಗೆಯಿಂದ ದೂರ ಇಡಿ. ದೀಪ ಹಾಕದೆ ಮಲಗಿಯೇ ಇರಿ, ಹಸಿವಾದರೆ ಸ್ವಲ್ಪ ಏನಾದರೂ ತಿನ್ನಿ. ಆರಾಮವಾಗಿ ಮಲಗಿದ್ದರೆ ಪೂರ್ತಿ ನಿದ್ದೆ ಬಾರದಿದ್ದರೂ ಮೈಗೆ ಬಿಡುವು ಸಿಗುತ್ತದೆ.

ವಿಮಾನದಲ್ಲಿ ನಿದ್ದೆ ಮಾತ್ರೆ ಬೇಡ. ಗಂಟೆಗಟ್ಟಲೆ ಕಾಲು ಅಲುಗಾಡದೆ ಒರಗಿರುವುದರಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ, ಮದ್ಯವೂ ಸೇರಿದರೆ ಉಸಿರಾಟಕ್ಕೇ ಕುತ್ತು. ಮೆಲಟೋನಿನ್ ಬೇರೆ ಬಗೆಯದು, ಈಗ ರಾತ್ರಿ ಎಂದು ಮೈಗೆ ಸೂಚನೆ ಕೊಡುವ ಹಾರ್ಮೋನ್. ಅಲ್ಲಿ ಮಲಗುವ ಹೊತ್ತಿಗೆ ಅರ್ಧದಿಂದ ಮೂರು ಮಿಲಿಗ್ರಾಂ ಸಾಕು. ಹೆಚ್ಚು ನುಂಗಿದರೆ ಬೆಳಿಗ್ಗೆ ತಲೆ ಭಾರವಾಗುತ್ತದೆಯೇ ಹೊರತು ಲಾಭವಿಲ್ಲ. ರಕ್ತ ತೆಳುಗೊಳಿಸುವ ಮಾತ್ರೆ ತೆಗೆದುಕೊಳ್ಳುವವರು, ಮೂರ್ಛೆರೋಗ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು. ಕಾಫಿ ಕುಡಿದ ಐದು ಗಂಟೆಯ ನಂತರವೂ ಕೆಫೀನ್‌ನ ಅರ್ಧ ಮೈಯಲ್ಲೇ ಉಳಿದಿರುತ್ತದೆ. ಪ್ರೆಸೆಂಟೇಶನ್‌ಗೆ ಅರ್ಧ ಗಂಟೆ ಮೊದಲು ಒಂದು ಲೋಟ ಕುಡಿಯಿರಿ, ಮಧ್ಯಾಹ್ನ ಒಂದರ ನಂತರ ನಿಲ್ಲಿಸಿ.

ಪ್ರಶ್ನೆ: ನಮ್ಮ ಮನೆಯವರಿಗೆ 56 ವರ್ಷ. ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ, ರಾತ್ರಿ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಕಂಪನಿಯವರು ನಾಲ್ಕು ದಿನದಲ್ಲಿ ಶಿಕಾಗೋಗೆ ಹೊರಡಬೇಕು ಎಂದಿದ್ದಾರೆ. ಕಾಲು ಬೇರೆ ಊದುತ್ತದೆ. ನನಗೆ ಭಯವಾಗಿದೆ.
– ಗೃಹಿಣಿ, ಹುಬ್ಬಳ್ಳಿ

ಉತ್ತರ: ಅಮ್ಮಾ, ಹೋಗಲೇಬಾರದು ಎಂದೇನಿಲ್ಲ. ಆದರೆ ನಾಳೆಯೇ ಅವರ ವೈದ್ಯರನ್ನು ಕಾಣಬೇಕು, ಮೂರು ಮಾತು ಕೇಳಬೇಕು. ಪಶ್ಚಿಮಕ್ಕೆ ಹೋದಾಗ ದಿನ ಉದ್ದವಾಗುತ್ತದೆ. ಶಿಕಾಗೋ ಬೇಸಿಗೆಯಲ್ಲಿ ಹತ್ತೂವರೆ ಗಂಟೆ ಹಿಂದೆ. ರಾತ್ರಿಯ ಇನ್ಸುಲಿನ್ ಯಾವ ಊರಿನ ರಾತ್ರಿಗೆ, ನಡುವೆ ಎಷ್ಟು ಎಂಬುದು ಮೊದಲ ಪ್ರಶ್ನೆ. ಉತ್ತರವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ವಿಮಾನದಲ್ಲಿ ಅರೆನಿದ್ದೆಯಲ್ಲಿ ಲೆಕ್ಕ ಹಾಕಲು ಹೋಗಿ ಎರಡು ಸಲ ಚುಚ್ಚಿಕೊಳ್ಳುವ ಅಪಾಯವಿದೆ. ಇಳಿಯುವವರೆಗೆ ಕೈಗಡಿಯಾರ ಭಾರತದ ಹೊತ್ತಿನಲ್ಲೇ ಇರಲಿ. ಎರಡನೆಯದು, ಔಷಧ, ಸಿರಿಂಜ್ ಅಥವಾ ಪೆನ್ನು, ಸೂಜಿಗಳ ಹೆಸರು ಬರೆದ ಇಂಗ್ಲಿಷ್ ಪತ್ರ. ಭದ್ರತಾ ತಪಾಸಣೆಯಲ್ಲಿ ಅದನ್ನು ಕೇಳಬಹುದು. ಮೂರನೆಯದು ಕಾಲಿನ ಊತ, ಅದಕ್ಕೆ ಮುಂದೆ ಬರುತ್ತೇವೆ.

ಇನ್ಸುಲಿನ್ ಕ್ಯಾಬಿನ್ ಬ್ಯಾಗ್‌ನಲ್ಲೇ ಇರಬೇಕು. ಕೆಳಗಿನ ಸರಕಿನ ಜಾಗದಲ್ಲಿ ಅದು ಹೆಪ್ಪುಗಟ್ಟಬಹುದು. ಒಮ್ಮೆ ಹೆಪ್ಪುಗಟ್ಟಿ ಕರಗಿದ ಇನ್ಸುಲಿನ್ ನೋಡಲು ಹಾಗೆಯೇ ಇದ್ದರೂ ಕೆಲಸ ಮಾಡುವುದಿಲ್ಲ. ಐಸ್ ಪ್ಯಾಕ್ ಇಟ್ಟರೆ ನಡುವೆ ಬಟ್ಟೆ ಸುತ್ತಿ. ಬೇಕಾದ್ದರ ಎರಡರಷ್ಟು ಒಯ್ಯಲಿ, ಎರಡು ಚೀಲದಲ್ಲಿ ಹಂಚಿ. ಮೇಲೆ ಗಾಳಿಯೊತ್ತಡ ಬದಲಾಗಿ ಪೆನ್ನಿನ ಕಾರ್ಟ್ರಿಡ್ಜ್‌ನಲ್ಲಿ ಗುಳ್ಳೆ ಏಳುತ್ತದೆ. ಸೂಜಿಯನ್ನು ಚುಚ್ಚುವ ಹೊತ್ತಿಗೆ ಮಾತ್ರ ಸಿಕ್ಕಿಸಿ, ಮೊದಲು ಎರಡು ಯೂನಿಟ್ ಗಾಳಿಗೆ ಬಿಟ್ಟು ನೋಡಲಿ. ಊಟದ ಇನ್ಸುಲಿನ್ ಇದ್ದರೆ ತಟ್ಟೆ ಎದುರಿಗೆ ಬಂದ ಮೇಲೆಯೇ ತೆಗೆದುಕೊಳ್ಳಬೇಕು. ವಿಮಾನ ಕುಲುಕಿದರೆ ಊಟ ಬಡಿಸುವುದನ್ನು ಅರ್ಧಕ್ಕೇ ನಿಲ್ಲಿಸುತ್ತಾರೆ, ಅಷ್ಟರಲ್ಲಿ ಚುಚ್ಚಿಕೊಂಡಿದ್ದರೆ ಸಕ್ಕರೆ ಕುಸಿಯುತ್ತದೆ. ನಾಲ್ಕೈದು ಗಂಟೆಗೊಮ್ಮೆ ಪರೀಕ್ಷಿಸಲಿ, ಅಂಗಿಯ ಜೇಬಿನಲ್ಲಿ ಗ್ಲೂಕೋಸ್ ಪೊಟ್ಟಣ ಇರಲಿ. ವಿಮೆ ಕೊಳ್ಳುವಾಗ ಸಕ್ಕರೆ ಕಾಯಿಲೆಯನ್ನು ಮುಚ್ಚಿಡಬೇಡಿ; ಮುಚ್ಚಿಟ್ಟರೆ ಅಲ್ಲಿಯ ಆಸ್ಪತ್ರೆ ಬಿಲ್ಲು ಪೂರ್ತಿ ನಿಮ್ಮ ಮೇಲೆಯೇ ಬರಬಹುದು.

ಈಗ ಕಾಲು. ನಾಲ್ಕು ಗಂಟೆ ಮೀರಿದ ಪ್ರಯಾಣದಲ್ಲಿ ಮೀನಖಂಡದ ಒಳಗಿನ ರಕ್ತನಾಳದಲ್ಲಿ ಹೆಪ್ಪು ಕಟ್ಟುವ ಸಾಧ್ಯತೆ ಏರುತ್ತದೆ. ನಡೆಯುವಾಗ ಮೀನಖಂಡದ ಸ್ನಾಯುಗಳೇ ರಕ್ತವನ್ನು ಮೇಲಕ್ಕೆ ತಳ್ಳುತ್ತವೆ, ಕೂತಾಗ ಆ ಪಂಪು ನಿಂತುಹೋಗುತ್ತದೆ. ಗಂಟೆಗೊಮ್ಮೆ ಎರಡು ನಿಮಿಷ ಹಿಮ್ಮಡಿ ಎತ್ತಿ ಇಳಿಸುವುದು, ಎರಡು ಗಂಟೆಗೊಮ್ಮೆ ಎದ್ದು ಓಡಾಡುವುದು, ಚೀಲವನ್ನು ಕಾಲ ಬಳಿ ಇಡದೆ ಮೇಲಿಡುವುದು: ಇಷ್ಟನ್ನು ತಪ್ಪಿಸಬಾರದು. ಹಜಾರದ ಪಕ್ಕದ ಸೀಟೇ ಬೇಕು. ಒತ್ತಡದ ಕಾಲುಚೀಲ ಒಳ್ಳೆಯದು, ಮೊಣಕಾಲಿನ ಕೆಳಗಿನದು, 15–20 ಎಂಎಂಎಚ್‌ಜಿ ಒತ್ತಡದ್ದು. ಬೆಳಿಗ್ಗೆ ಊತ ಏರುವ ಮೊದಲು ಹರಡು ಮತ್ತು ಮೀನಖಂಡದ ಸುತ್ತಳತೆ ತೆಗೆದು ಕೊಳ್ಳಬೇಕು. ಆದರೆ ಹಳೆಯ ಸಕ್ಕರೆ ಕಾಯಿಲೆಯವರಿಗೆ ಪಾದದ ರಕ್ತ ಹರಿವು ಕಡಿಮೆಯಾಗಿದ್ದರೆ ಇದೇ ಕಾಲುಚೀಲ ಹುಣ್ಣು ಮಾಡುತ್ತದೆ. ವೈದ್ಯರು ಪಾದದ ನಾಡಿ ನೋಡಿ ಸರಿ ಎಂದ ಮೇಲೆಯೇ ಹಾಕಿಕೊಳ್ಳಲಿ. ಯಾರೋ ಹೇಳಿದರೆಂದು ಇದಕ್ಕಾಗಿಯೇ ಆಸ್ಪಿರಿನ್ ನುಂಗುವುದು ಬೇಡ.

ಇಳಿದ ಮೇಲೆ, ವಾರ ಎರಡು ವಾರದ ನಂತರವೂ, ಒಂದೇ ಕಾಲು ಊದಿ ನೋಯುತ್ತಿದ್ದರೆ ಅಥವಾ ಏಕಾಏಕಿ ಉಸಿರು ಕಟ್ಟಿ ಎದೆ ನೋವು ಬಂದರೆ ತಡಮಾಡದೆ ತುರ್ತು ಚಿಕಿತ್ಸೆಗೆ ಹೋಗಬೇಕು. ಎರಡೂ ಕಾಲು ಸಮನಾಗಿ ಊದಿ ಒಂದು ರಾತ್ರಿಯಲ್ಲಿ ಇಳಿದರೆ ಅದು ಕೂತದ್ದರ ಫಲ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹಗಲಿನ ರೈಲಿನಲ್ಲಿ ಬಂದು ಅದೇ ರಾತ್ರಿ ವಿಮಾನ ಹತ್ತುವುದಕ್ಕಿಂತ ಒಂದು ದಿನ ಮೊದಲೇ ಬಂದು ಮಲಗಿ ಹೋಗುವುದು ಅವರಿಗೆ ಹಿತ.

ಪ್ರಶ್ನೆ: ಪೀಣ್ಯದಲ್ಲಿ ನಮ್ಮದು ಬಿಡಿಭಾಗ ತಯಾರಿಸುವ ಸಣ್ಣ ಘಟಕ. ಸ್ಟುಟ್‌ಗಾರ್ಟ್‌ನ ಗ್ರಾಹಕರು ಮಾಲು ತಿರಸ್ಕರಿಸಿದಾಗ ಎರಡು ದಿನಕ್ಕೆಂದು ಓಡಬೇಕಾಗುತ್ತದೆ. ಎರಡೇ ದಿನಕ್ಕೆ ಅಲ್ಲಿಯ ಹೊತ್ತಿಗೆ ಒಗ್ಗಿಕೊಳ್ಳಬೇಕೇ?
– ಉದ್ಯಮಿ, ಬೆಂಗಳೂರು

ಉತ್ತರ: ಬೇಡ. ಬೇಸಿಗೆಯಲ್ಲಿ ವ್ಯತ್ಯಾಸ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ. ಪೂರ್ತಿ ಒಗ್ಗುವ ಹೊತ್ತಿಗೆ ವಾಪಸು ಬಂದಿರುತ್ತೀರಿ, ಆಮೇಲೆ ಇಲ್ಲಿ ಇನ್ನೊಮ್ಮೆ ಒಗ್ಗಬೇಕು. ಅಲ್ಲಿ ರಾತ್ರಿ ಎಂಟೂವರೆಗೆ ಮಲಗಿ ನಸುಕಿನ ಮೂರೂವರೆಗೆ ಎದ್ದುಬಿಡಿ; ಮನೆಯಲ್ಲಿ ನಡುರಾತ್ರಿ ಮಲಗಿ ಏಳಕ್ಕೆ ಎದ್ದಂತೆ ಆಗುತ್ತದೆ. ರಾತ್ರಿಯ ಔತಣಕ್ಕೆ ಕರೆದರೆ ಮಧ್ಯಾಹ್ನದ ಊಟಕ್ಕೆ ಬದಲಾಯಿಸಿಕೊಳ್ಳಿ. ನಸುಕಿಗೆ ಬೆಂಗಳೂರು ಬಿಟ್ಟು ಬೆಳಿಗ್ಗೆ ಫ್ರಾಂಕ್‌ಫರ್ಟ್‌ನಲ್ಲಿ ಇಳಿದರೆ ನಿಲ್ದಾಣದಿಂದಲೇ ಸ್ಟುಟ್‌ಗಾರ್ಟ್‌ಗೆ ವೇಗದ ರೈಲಿದೆ, ಒಂದೂಕಾಲು ಗಂಟೆಯ ದಾರಿ. ಆ ರೈಲಿಗೆ ಬಿಗಿಯಾದ ಟಿಕೆಟ್ ಮಾಡಿಸಬೇಡಿ. 2025ರ ಅಕ್ಟೋಬರ್ 12ರಿಂದ ಶೆಂಗೆನ್ ಗಡಿಯಲ್ಲಿ, ಅಂದರೆ ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಗಡಿಯಲ್ಲಿ, ಹೊರಗಿನವರ ಬೆರಳಚ್ಚು, ಮುಖದ ಚಿತ್ರ ದಾಖಲಿಸುವ ಹೊಸ ಕ್ರಮ ಶುರುವಾಗಿ ಸಾಲು ಉದ್ದವಾಗಬಹುದು.

ನಿಮಗೆ ನಿಜವಾಗಿ ಬೇಕಾದದ್ದು ಪದೇಪದೇ ಹೋಗಿಬರಲು ಸಲ್ಲುವ ದೀರ್ಘಾವಧಿಯ ಶೆಂಗೆನ್ ವೀಸಾ. 2024ರ ಏಪ್ರಿಲ್‌ನಿಂದ ಭಾರತದವರಿಗೆ ನಿಯಮ ಸಡಿಲವಾಗಿದೆ: ಹಿಂದಿನ ಮೂರು ವರ್ಷದಲ್ಲಿ ಎರಡು ವೀಸಾ ಪಡೆದು ಸರಿಯಾಗಿ ಬಳಸಿದ್ದರೆ ಎರಡು ವರ್ಷದ್ದು, ಅದರ ನಂತರ ಸಾಮಾನ್ಯವಾಗಿ ಐದು ವರ್ಷದ್ದು ಸಿಗುತ್ತದೆ, ಪಾಸ್‌ಪೋರ್ಟ್‌ನ ಅವಧಿ ಸಾಕಷ್ಟಿದ್ದರೆ. ಅರ್ಜಿ ಪರಿಶೀಲನೆಗೆ ಹದಿನೈದು ದಿನ ಎಂಬುದು ರೂಢಿ, ಕರೆ ಬಂದ ಮೇಲೆ ಓಡಿದರೆ ಆಗದು. ಹಾಗೆಯೇ, ತಿಂಗಳಿಗೊಮ್ಮೆ ಹೊರದೇಶಕ್ಕೆ ಹೋಗುವವರು ಭಾರತದ ವೇಗದ ಇಮಿಗ್ರೇಶನ್ ಯೋಜನೆಗೆ ಬಿಡುವಿದ್ದಾಗ ಹೆಸರು ನೋಂದಾಯಿಸಿಕೊಳ್ಳಿ. 2025ರ ಜನವರಿಯಿಂದ ಬೆಂಗಳೂರಿನಲ್ಲೂ ಅದರ ಗೇಟ್‌ಗಳಿವೆ.

ಪ್ರಶ್ನೆ: ನಾನು ಸಸ್ಯಾಹಾರಿ. ಟಿಕೆಟ್ ಮಾಡಿದವರು ‘ಹಿಂದೂ ಮೀಲ್’ ಹಾಕಿದ್ದರು, ಕೋಳಿ ಬಂತು. ಮುಂದಿನ ವಾರ ದುಬೈ ಮೂಲಕ ಅಮೆರಿಕಕ್ಕೆ ಹೊರಟಿದ್ದೇನೆ. ಅಮ್ಮ ಚಟ್ನಿಪುಡಿ, ಉಂಡೆ, ಕೊಬ್ಬರಿ ಮಿಠಾಯಿ ಎಲ್ಲ ಕಟ್ಟುತ್ತಿದ್ದಾರೆ. ಏನು ಒಯ್ಯಬಹುದು?
– ಲೆಕ್ಕಪರಿಶೋಧಕಿ, ಶಿವಮೊಗ್ಗ

ಉತ್ತರ: ಹಿಂದೂ ಮೀಲ್ ಅಂದರೆ ದನ, ಹಂದಿ ಮಾಂಸ ಇಲ್ಲದ ಊಟ, ಕೋಳಿ, ಕುರಿ, ಮೀನು ಇರಬಹುದು. ನಿಮಗೆ ಬೇಕಾದ ಸಂಕೇತ ಎವಿಎಂಎಲ್, ಏಷ್ಯಾದ ಸಸ್ಯಾಹಾರ. ಈರುಳ್ಳಿ ಬೆಳ್ಳುಳ್ಳಿ ಬೇಡದಿದ್ದರೆ ವಿಜೆಎಂಎಲ್, ಜೈನ ಊಟ. ಹೆಚ್ಚಿನ ಸಂಸ್ಥೆಗಳು ಹೊರಡುವ 24 ಗಂಟೆ ಮೊದಲು ಹೇಳಿರಬೇಕು ಎನ್ನುತ್ತವೆ. ಕೊನೆಗಳಿಗೆಯ ಟಿಕೆಟ್‌ನಲ್ಲಿ ಈ ಗಡುವು ಮೊದಲೇ ದಾಟಿರುತ್ತದೆ. ವಿಮಾನ ಬದಲಾದಾಗಲೂ ಹಳೆಯ ಆಯ್ಕೆ ಅಳಿಸಿಹೋಗಬಹುದು, ಮತ್ತೆ ನೋಡಿಕೊಳ್ಳಿ.

ಆದ್ದರಿಂದ ಒಂದು ದಿನದ ಬುತ್ತಿ ಕೈಯಲ್ಲಿರಲಿ. ಎಣ್ಣೆ ಹಾಕಿ ಕಲಸಿದ ಚಪಾತಿ ಮತ್ತು ನೀರು ಪೂರ್ತಿ ಆರಿಸಿದ ಆಲೂಗಡ್ಡೆ ಪಲ್ಯ ಮೊದಲ ಹತ್ತು ಗಂಟೆಗೆ. ಕಾಯಿ ಹಾಕದ ಪುಳಿಯೋಗರೆ ಹುಣಸೆಯ ಬಲದಿಂದ ಇನ್ನಷ್ಟು ಹೊತ್ತು ಇರುತ್ತದೆ. ಹಸಿ ತೆಂಗಿನಕಾಯಿ ಬಿದ್ದ ಯಾವುದೂ ಬೇಡ, ಬೇಗ ಹಳಸುತ್ತದೆ. ಇಡ್ಲಿ ಒಣಗಿ ಬಿರುಕು ಬಿಡುತ್ತದೆ. ಮೊಸರನ್ನವನ್ನು ಭದ್ರತೆಯವರು ದ್ರವವೆಂದು ಲೆಕ್ಕ ಹಾಕಬಹುದು, 100 ಮಿಲಿಲೀಟರ್ ಮಿತಿ ಅದಕ್ಕೂ ತಗಲುತ್ತದೆ. ಜೋಳದ ಕಡಕ್ ರೊಟ್ಟಿ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ, ಸ್ಟೀಲ್ ಡಬ್ಬಿಯಲ್ಲಿಡಿ, ಇಲ್ಲದಿದ್ದರೆ ಪುಡಿಯಾಗುತ್ತದೆ. ಕ್ಯಾಬಿನ್‌ನ ಗಾಳಿಯೊತ್ತಡ 1,800ರಿಂದ 2,400 ಮೀಟರ್ ಎತ್ತರದ್ದು, ಅಂದರೆ ಮುಳ್ಳಯ್ಯನಗಿರಿಯ ತುದಿಯಲ್ಲಿ ಕೂತಂತೆ. ಹೊಟ್ಟೆಯ ವಾಯು ಅಲ್ಲಿ ಕಾಲುಭಾಗಕ್ಕೂ ಹೆಚ್ಚು ಹಿಗ್ಗುತ್ತದೆ. ಹಿಂದಿನ ದಿನದಿಂದಲೇ ಹುರುಳಿ, ಕಡಲೆ, ಸೋಡಾ ಬಿಡಿ. ಗಾಳಿಯ ತೇವ ಶೇಕಡಾ 10–20 ಮಾತ್ರ ಇರುವುದರಿಂದ ಚಕ್ಕುಲಿ, ಕೋಡುಬಳೆಯ ಉಪ್ಪು ಗಂಟಲು ಒಣಗಿಸುತ್ತದೆ. ಖಾಲಿ ಬಾಟಲಿ ಒಯ್ದು ತಪಾಸಣೆಯ ನಂತರ ನೀರು ತುಂಬಿಸಿಕೊಳ್ಳಿ.

ಈಗ ಅಮ್ಮನ ಗಂಟು. ಇದನ್ನು ದಯವಿಟ್ಟು ಕಟ್ಟುನಿಟ್ಟಾಗಿ ನೋಡಿ. ಗಸಗಸೆ ದುಬೈನಲ್ಲಿ ನಿಷಿದ್ಧ. ಅಫೀಮಿನ ಗಿಡದ ಬೀಜವೆಂದು ಮಾದಕವಸ್ತುವಿನ ಕಾನೂನಿಗೆ ಬರುತ್ತದೆ. ಪೊಟ್ಟಣ ಮಾತ್ರವಲ್ಲ, ಉಂಡೆಯ ಮೇಲೆ ಹೊರಳಿಸಿದ್ದು, ಮಸಾಲೆಪುಡಿಗೆ ಹುರಿದು ಹಾಕಿದ್ದು ಕೂಡ ಬೇಡ. ಒಣ ಕೊಬ್ಬರಿಯ ಗಿಟುಕು ಎಣ್ಣೆಯಂಶದಿಂದ ಬೆಂಕಿ ಹಿಡಿಯಬಲ್ಲದು ಎಂದು ವಿಮಾನಕ್ಕೇ ಬಿಡುವುದಿಲ್ಲ. ಉಪ್ಪಿನಕಾಯಿ, ತುಪ್ಪ ಚೆಕ್‌ಇನ್ ಪೆಟ್ಟಿಗೆಗೆ. ಅಮೆರಿಕದಲ್ಲಿ ಹಣ್ಣು, ತರಕಾರಿ ಬಿಡುವುದಿಲ್ಲ, ಕರಿಬೇವು ಹಸಿಯಾದರೂ ಒಣಗಿದ್ದಾದರೂ ಬಿಡುವುದಿಲ್ಲ. ಅದು ಕಿತ್ತಳೆ, ನಿಂಬೆಯ ಕುಟುಂಬದ ಗಿಡ, ಆ ತೋಟಗಳಿಗೆ ರೋಗ ಹರಡುವ ಕೀಟ ಅದರ ಮೇಲೆ ಬರುತ್ತದೆ. ಆದ್ದರಿಂದ ಈ ಸಲ ಚಟ್ನಿಪುಡಿಯನ್ನು ಕರಿಬೇವು ಹಾಕದೆ ಮಾಡಿಸಿ. ಬುತ್ತಿಯಲ್ಲಿ ಮಿಕ್ಕಿದ್ದನ್ನು ವಿಮಾನದಲ್ಲೇ ಬಿಟ್ಟು ಇಳಿಯಿರಿ, ಉಳಿದ ತಿಂಡಿ ಇದೆ ಎಂದು ಅಧಿಕಾರಿಗೆ ತಾನಾಗಿ ಹೇಳಿ. ಹೇಳಿದರೆ ಹೆಚ್ಚೆಂದರೆ ತೆಗೆದಿಟ್ಟುಕೊಳ್ಳುತ್ತಾರೆ, ಮುಚ್ಚಿಟ್ಟರೆ ದಂಡ.

ಪ್ರಶ್ನೆ: ಐದು ದಿನದಲ್ಲಿ ಲಾಗೋಸ್‌ಗೆ ಹೋಗಬೇಕಿದೆ. ಹಳದಿ ಜ್ವರದ ಲಸಿಕೆ ಈಗ ಹಾಕಿಸಿಕೊಂಡರೆ ಸಾಕೇ?
– ಹಡಗು ಸರಕು ಸಂಸ್ಥೆಯ ಉದ್ಯೋಗಿ, ಮಂಗಳೂರು

ಉತ್ತರ: ಸಾಲದು. ಪ್ರಮಾಣಪತ್ರ ಊರ್ಜಿತವಾಗುವುದು ಲಸಿಕೆ ಹಾಕಿಸಿಕೊಂಡ ಹತ್ತು ದಿನದ ನಂತರ. ನೈಜೀರಿಯಾದಿಂದ ವಾಪಸು ಬಂದಾಗ ಭಾರತದಲ್ಲಿ ಸರಿಯಾದ ಪ್ರಮಾಣಪತ್ರ ಇಲ್ಲದವರನ್ನು ಆರು ದಿನದವರೆಗೆ ಪ್ರತ್ಯೇಕ ಇಡಬಹುದು. ಹಳದಿ ಪುಸ್ತಕದ, ಅಂದರೆ ಆ ಪ್ರಮಾಣಪತ್ರದ, ತಾರೀಖನ್ನು ಕಂಪನಿಗೆ ತೋರಿಸಿ ದಿನ ಮುಂದೂಡಿಸಿ, ಅಥವಾ ಮೊದಲೇ ಲಸಿಕೆ ಆದವರನ್ನು ಕಳಿಸಲಿ. 2016ರ ಜುಲೈಯಿಂದ ಒಂದು ಲಸಿಕೆ ಜೀವನಪೂರ್ತಿ ಸಲ್ಲುತ್ತದೆ. ಆಫ್ರಿಕಾದ ಕೆಲಸ ಬರಬಹುದಾದವರೆಲ್ಲ ಇವತ್ತೇ ಹಾಕಿಸಿಟ್ಟುಕೊಳ್ಳಿ, ಸರ್ಕಾರ ಗೊತ್ತುಪಡಿಸಿದ ಕೇಂದ್ರದಲ್ಲೇ. ಮಲೇರಿಯಾ ಮಾತ್ರೆಯ ಮಾತನ್ನೂ ಅಲ್ಲಿಯೇ ಕೇಳಿ.

ಪ್ರಶ್ನೆ: ನಾನು ಕಳಿಸುವವನು. ತಂಡದ ಹುಡುಗರನ್ನು ಎರಡು ದಿನದ ಸೂಚನೆ ಕೊಟ್ಟು ಅಮೆರಿಕಕ್ಕೆ ಕಳಿಸಬೇಕಾಗುತ್ತದೆ. ಅವರಿಗೆ ಕಷ್ಟ ಕಡಿಮೆಯಾಗಲು ನನ್ನ ಕಡೆಯಿಂದ ಏನು ಮಾಡಬಹುದು?
– ಮ್ಯಾನೇಜರ್, ಬೆಂಗಳೂರು

ಉತ್ತರ: ಹೇಳಿದ ಗಳಿಗೆಯಿಂದ ಅವರ ಬಳಿಯಿದ್ದ ಇತರ ಕೆಲಸ ಕಿತ್ತುಕೊಳ್ಳಿ. ಹೊರಡುವ ದಿನ ಸಂಜೆ ಆರರವರೆಗೆ ಕಾಲ್‌ನಲ್ಲಿ ಕೂರಿಸಿ ರಾತ್ರಿ ವಿಮಾನಕ್ಕೆ ಕಳಿಸಿದರೆ ಟಿಕೆಟ್‌ನ ಹಣ ಅರ್ಧ ನೀರಿಗೆ ಹೋದಂತೆ. ಇಡೀ ಪ್ರಯಾಣ ಒಂದೇ ಪಿಎನ್‌ಆರ್‌ನಲ್ಲಿರಲಿ. ಅಗ್ಗವೆಂದು ಎರಡು ಬೇರೆ ಟಿಕೆಟ್ ಮಾಡಿದರೆ, ಮೊದಲ ವಿಮಾನ ತಡವಾದಾಗ ಎರಡನೆಯವರು ಹೊಣೆಯಲ್ಲ. ಅಮೆರಿಕದೊಳಗೆ ಇನ್ನೊಂದು ವಿಮಾನ ಹಿಡಿಯುವುದಿದ್ದರೆ ನಡುವೆ ಮೂರು ಗಂಟೆ ಬಿಡಿ. ಮೊದಲು ಇಳಿದ ಊರಿನಲ್ಲೇ ಇಮಿಗ್ರೇಶನ್ ಮುಗಿಸಿ, ಸಾಮಾನ್ಯವಾಗಿ ಪೆಟ್ಟಿಗೆ ತೆಗೆದುಕೊಂಡು ಮತ್ತೆ ಕೊಡಬೇಕಾಗುತ್ತದೆ.

ಸೀಟು ಆರಿಸುವ ಶುಲ್ಕ ಕಂಪನಿಯೇ ಕೊಡಲಿ. 3-4-3 ಸಾಲಿನ ವಿಮಾನದಲ್ಲಿ ನಡುವಿನ ನಾಲ್ಕರ ಹಜಾರದ ಸೀಟು ಒಳ್ಳೆಯದು, ಒಬ್ಬರಿಗಷ್ಟೇ ಎದ್ದು ದಾರಿ ಬಿಡಬೇಕು. ಕಿಟಕಿ ಕಡೆಯ ಮೂರರಲ್ಲಿ ಇಬ್ಬರಿಗೆ. ಗಾಢವಾಗಿ ನಿದ್ದೆ ಮಾಡಬಲ್ಲವರಿಗೆ ಕಿಟಕಿಯೇ ಸರಿ. ಕೊನೆಯ ಸಾಲು ಬೇಡ, ಬೆನ್ನು ಹಿಂದಕ್ಕೆ ಬಾಗದಿರಬಹುದು, ಶೌಚಾಲಯದ ಸದ್ದೂ ಇರುತ್ತದೆ.

ಇಳಿದ ದಿನ ಸಭೆ ಇಡಬೇಡಿ, ಮರುದಿನದ್ದನ್ನು ಬೆಳಿಗ್ಗೆಗೆ ಇಡಿ. ಅವರು ಅಲ್ಲಿರುವಷ್ಟು ದಿನ ಇಲ್ಲಿಯ ತಂಡದವರು ಮಧ್ಯಾಹ್ನ ಅವರಿಗೆ ಫೋನ್ ಮಾಡದಂತೆ ನೀವೇ ಹೇಳಿಬಿಡಿ, ಅಲ್ಲಿ ಆಗ ನಡುರಾತ್ರಿ. ವಾಪಸು ಬರುವ ವಿಮಾನ ನಸುಕಿನ ಮೂರಕ್ಕೆ ಇಳಿದರೆ ಆ ದಿನ ರಜೆ ಎಂದು ಮೊದಲೇ ಬರೆದುಕೊಡಿ. ಅವರು ತಮ್ಮ ಕಾರನ್ನು ನಿಲ್ದಾಣದಲ್ಲಿ ನಿಲ್ಲಿಸಿ ಹೋಗಲು ಬಿಡಬೇಡಿ, ಚಾಲಕ ಸಹಿತ ಗಾಡಿ ಕಳಿಸಿ. 24 ಗಂಟೆಯ ಪ್ರಯಾಣ ಮುಗಿಸಿ ಬಂದವರು ಬಳ್ಳಾರಿ ರಸ್ತೆಯ ಖಾಲಿ ಮೇಲ್ಸೇತುವೆಯಲ್ಲಿ ನೂರರ ವೇಗದಲ್ಲಿ ಸ್ಟೀರಿಂಗ್ ಹಿಡಿದೇ ಕಣ್ಣು ಮುಚ್ಚಬಹುದು.